ಊರಿಗೆ ಬಂದವಳಿಗೆ ನೀರಿನ ದಾರಿ ತೋರಿಸುವವರು ಯಾರು?



ಕಳೆದ ದೀಪಾವಳಿಯ ಊಟದ ದಿನ ನಡೆದದ್ದನ್ನು ಮೊದಲು ಹೇಳಿಬಿಡುತ್ತೇವೆ. ಬಾಡಿಗೆ ಹಾಲಿನ ಹಿಂಬದಿಯಲ್ಲಿ ಬಿಸಿಬೇಳೆಭಾತಿನ ಪಾತ್ರೆಯ ಪಕ್ಕ ನಾವು ಐದಾರು ಮಂದಿ ಹಿರಿಯ ಸದಸ್ಯರು ಪ್ಲೇಟು ಹಿಡಿದು ನಿಂತಿದ್ದೆವು. ದಾವಣಗೆರೆ ಕಡೆಯ ಹುಡುಗನೊಬ್ಬ ಬಂದು ಪರಿಚಯ ಮಾಡಿಕೊಂಡ. ಡಬ್ಲಿನ್ನಿಗೆ ಬಂದು ಮೂರು ವಾರವಾಗಿತ್ತು, ಸಾಫ್ಟ್‌ವೇರ್ ಕೆಲಸ. "ಇಲ್ಲಿ ಆಫೀಸಿನಲ್ಲಿ ಹೇಗಿರಬೇಕು ಸಾರ್?" ಎಂದು ಕೇಳಿದ. ಕೇಳಿದ್ದೇ ತಡ, ನಮಗೆ ಉಪದೇಶ ಮಾಡುವ ಉತ್ಸಾಹ ಉಕ್ಕಿತು.

"ಮೊದಲ ಆರು ತಿಂಗಳು ಬಾಯಿ ಬಿಡಬೇಡಪ್ಪ, ಸುಮ್ಮನೆ ಹೇಳಿದ್ದು ಮಾಡು" ಎಂದರು ಒಬ್ಬರು. "ಹೆಸರು ಚಿಕ್ಕದು ಮಾಡ್ಕೋ, ಮಲ್ಲಿಕಾರ್ಜುನ ಅಂದ್ರೆ ಇವರ ನಾಲಿಗೆ ತಿರುಗೋಲ್ಲ, ಮ್ಯಾಲ್ ಅಂತ ಇಟ್ಕೋ" ಎಂದರು ಮತ್ತೊಬ್ಬರು. "ಸಾಂಬಾರು ಗೀಂಬಾರು ತಗೊಂಡು ಹೋಗಿ ಮೈಕ್ರೋವೇವಿನಲ್ಲಿ ಇಡಬೇಡ." "ಪಬ್ಬಿಗೆ ಕರೆದರೆ ಇಲ್ಲ ಅನ್ನಬೇಡ." "ಯೂನಿಯನ್ನು, ಕಂಪ್ಲೇಂಟು ಅಂತ ತಲೆ ಹಾಕಬೇಡ, ಪರ್ಮಿಟ್ಟಿನ ಮೇಲೆ ಬಂದಿದೀಯ, ನೆನಪಿರಲಿ." ಹುಡುಗ ವಿನಯವಾಗಿ ಎಲ್ಲವನ್ನೂ ಕೇಳಿಸಿಕೊಂಡು, ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಸಿಕೊಂಡು ಹೋದ.

ಯುಗಾದಿಯ ಹೊತ್ತಿಗೆ ಅವನ ಕೆಲಸ ಹೋಗಿತ್ತು. ಪ್ರೊಬೇಷನ್ ಮುಗಿಯುವ ಮೊದಲೇ ಕಾಗದ ಕೊಟ್ಟರು. ಮೀಟಿಂಗುಗಳಲ್ಲಿ ಮಾತಾಡುವುದಿಲ್ಲ, ತೊಂದರೆ ಬಂದಾಗ ಸಮಯಕ್ಕೆ ಸರಿಯಾಗಿ ತಿಳಿಸುವುದಿಲ್ಲ, ತಾನಾಗಿ ಏನನ್ನೂ ಕೈಗೆತ್ತಿಕೊಳ್ಳುವುದಿಲ್ಲ ಎಂಬುದು ಅದರ ಸಾರಾಂಶ. ಅಂದರೆ ನಾವು ಹೇಳಿಕೊಟ್ಟದ್ದನ್ನು ಅವನು ಅಕ್ಷರಶಃ ಪಾಲಿಸಿದ್ದ. ಊರಿನಲ್ಲಿ ಸಾಲ ಮಾಡಿ ಕಳಿಸಿದ್ದ ತಂದೆತಾಯಿಗಳ ಬಳಿಗೆ ಹಿಂದಿರುಗಿದ.

ಈಗ ನಮ್ಮ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆ ಬಂದಿದೆ. ವರ್ಷಕ್ಕೊಮ್ಮೆ ಹೊಸಬರಿಗಾಗಿ "ಆಫೀಸ್ ಸಂಸ್ಕೃತಿ ಶಿಬಿರ" ನಡೆಸಬೇಕು, ಹಿರಿಯ ಸದಸ್ಯರು ತಮ್ಮ ಅನುಭವದ ಮಾತು ಹೇಳಬೇಕು, ಹೊಸಬರು ಇಲ್ಲಿಯವರೊಡನೆ ಬೇಗ ಬೆರೆತುಹೋಗುವಂತೆ ಮಾಡಬೇಕು ಎಂದು. ಉದ್ದೇಶ ಒಳ್ಳೆಯದೇ. ಆದರೆ ಆ ಅನುಭವದ ಮಾತು ಎಂದರೆ ಬಿಸಿಬೇಳೆಭಾತಿನ ಪಕ್ಕದಲ್ಲಿ ನಾವು ಆಡಿದ ಮಾತೇ ಆಗುವುದಾದರೆ, ಈ ಶಿಬಿರ ಬೇಡ ಎಂದು ನಾವು ಈ ಪುಟದಲ್ಲಿ ಸ್ಪಷ್ಟವಾಗಿ ಹೇಳಬಯಸುತ್ತೇವೆ. ಕೆಲವರಿಗೆ ಬೇಸರವಾದೀತು. ಆಗಲಿ.

"ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ" ಎಂಬ ಗಾದೆಯನ್ನು ಈ ಚರ್ಚೆಯಲ್ಲಿ ಇಬ್ಬರು ಮೂವರು ಬಳಸಿದರು. ಕೆಲಸಕ್ಕೆ ಸೇರಿದ ಮೇಲೆ ಕಲಿಯದೆ ಎಲ್ಲಿ ಹೋಗುತ್ತಾರೆ ಎಂಬುದು ಅವರ ಅಭಿಪ್ರಾಯ. ಬರುತ್ತಾಳೆ, ನಿಜ. ಆದರೆ ಬಾವಿ ಯಾವ ಕಡೆ, ಯಾವ ಮೆಟ್ಟಿಲು ಜಾರುತ್ತದೆ, ಹಗ್ಗ ಯಾರದು ಎಂದು ಮೊದಲ ದಿನ ಹೇಳಿಕೊಟ್ಟವರು ಯಾರು ಎಂಬುದರ ಮೇಲೆ ಅವಳ ಕೊಡ ಉಳಿಯುತ್ತದೋ ಒಡೆಯುತ್ತದೋ ನಿಂತಿದೆ.

ಊರಿನಲ್ಲಿ ಇದಕ್ಕೊಂದು ಏರ್ಪಾಡಾದರೂ ಇತ್ತು. ನಮ್ಮ ತಂದೆಯವರ ತಲೆಮಾರಿನವರು ಬೆಂಗಳೂರಿನ ಕಾರ್ಖಾನೆಗಳಿಗೆ ಸೇರಿದ ಕಾಲವನ್ನು ನೆನಪಿಸಿಕೊಳ್ಳಿ. 1940ರ ಎಚ್.ಎ.ಎಲ್., 1948ರ ಐ.ಟಿ.ಐ., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. ಅಪ್ರೆಂಟಿಸ್ ಆಗಿ ಒಳಗೆ ಹೋದವನಿಗೆ ಮೊದಲು ಕೊಡುತ್ತಿದ್ದುದು ಒಂದು ಕಬ್ಬಿಣದ ತುಂಡು ಮತ್ತು ಅರ. ವಾರಗಟ್ಟಲೆ ಉಜ್ಜಿ ಉಜ್ಜಿ ಮಟ್ಟಸ ಮಾಡಬೇಕು. ಅಂಗೈ ಬೊಬ್ಬೆ ಎದ್ದರೂ ಪಕ್ಕದಲ್ಲಿ ಅದೇ ಬೊಬ್ಬೆಯ ಇನ್ನೂ ಹತ್ತು ಮಂದಿ ಇರುತ್ತಿದ್ದರು. ಕ್ಯಾಂಟೀನಿನಲ್ಲಿ ಹಳೆಯ ಫಿಟ್ಟರ್ ಒಬ್ಬರು ಯಾವ ಫೋರ್‌ಮನ್ನಿನ ಸಿಟ್ಟು ಬರೀ ಬಾಯಿಮಾತಿನದು, ಯಾರದು ನಿಜವಾದದ್ದು ಎಂದು ಹೇಳಿಕೊಡುತ್ತಿದ್ದರು. ರಾಜ್ಯೋತ್ಸವದ ನಾಟಕದಲ್ಲಿ ಪಾತ್ರ ಸಿಕ್ಕಿತೆಂದರೆ ಅವನು ಕಾರ್ಖಾನೆಯವನಾದ ಎಂದೇ ಲೆಕ್ಕ. ಈಗಿನ ಮಕ್ಕಳಿಗೆ ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್ಸಿನ ತರಬೇತಿ ಕೇಂದ್ರವಿದೆ. ಸಾವಿರಾರು ಮಂದಿ ಒಟ್ಟಿಗೆ ಉಂಡು ಮಲಗಿ ಪರೀಕ್ಷೆ ಬರೆದು ಹೊರಬರುತ್ತಾರೆ. (ಬರದವರೂ ಇದ್ದಾರೆ. 2025ರ ಫೆಬ್ರವರಿಯಲ್ಲಿ ಆಂತರಿಕ ಪರೀಕ್ಷೆ ಪಾಸಾಗದ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ.)

ಜಾನ್ ವಾನ್ ಮಾನೆನ್ ಮತ್ತು ಎಡ್ಗರ್ ಶೈನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು 1979ರಲ್ಲಿ ಈ ವಿಷಯವನ್ನೇ ವಿಂಗಡಿಸಿ ಬರೆದರು. ಹೊಸಬರನ್ನು ಗುಂಪಾಗಿ ತಯಾರು ಮಾಡುವ ಸಂಸ್ಥೆಗಳುಂಟು, ಒಬ್ಬೊಬ್ಬರನ್ನೇ ಬಿಡುವ ಸಂಸ್ಥೆಗಳುಂಟು. ಹಳಬರೊಬ್ಬರ ಹಿಂದೆ ಹಚ್ಚುವುದುಂಟು, ಯಾರೂ ಇಲ್ಲದೆ ಬಿಡುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಬಂದವನು ಇರುವಂತೆಯೇ ಅವನನ್ನು ಒಪ್ಪಿಕೊಂಡು ಮೇಲೊಂದು ಅಂಗಿ ತೊಡಿಸುವ ರೀತಿ ಒಂದು, ಅವನು ತೊಟ್ಟು ಬಂದದ್ದನ್ನೆಲ್ಲ ಕಳಚಿಸಿ ನಿಲ್ಲಿಸುವ ರೀತಿ ಇನ್ನೊಂದು. ಮೈಸೂರಿನ ಗುಂಪಿನಿಂದ ಬಂದ ಹುಡುಗನಿಗೆ ಡಬ್ಲಿನ್ನಿನಲ್ಲಿ ಸೋಮವಾರ ಬೆಳಿಗ್ಗೆ ಒಂದು ಲ್ಯಾಪ್‌ಟಾಪು, ಒಂದು ಬ್ಯಾಡ್ಜು, "ಏನು ಬೇಕಾದರೂ ಕೇಳು" ಎಂದು ನಕ್ಕು ಮಾಯವಾಗುವ ಒಬ್ಬ ಸಹೋದ್ಯೋಗಿ, ಇಷ್ಟೇ. ಆಗ ಅವನು ಓಡಿ ಬರುವುದು ನಮ್ಮ ಬಳಿಗೆ. ನಾವು ಮಾಡುವುದೇನು? ಕಂಪನಿಯವರು ಕೂಡ ಕೇಳದೇ ಇದ್ದಾಗ ನಾವೇ ನಿಂತು ಅವನ ಅಂಗಿ ಕಳಚಿಸುತ್ತೇವೆ.

ಹೆಸರಿನ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಕೆಲವು ಸಮಾಜಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಸೊಸೆಗೆ ಹೊಸ ಹೆಸರು ಬರೆಯುತ್ತಿದ್ದರು. ಇಪ್ಪತ್ತು ವರ್ಷ ಸುಶೀಲೆಯಾಗಿ ಬೆಳೆದವಳು ಒಂದು ಮುಹೂರ್ತದಲ್ಲಿ ರಾಧಾಬಾಯಿಯಾಗಿ ಏಳುತ್ತಿದ್ದಳು. ನಮ್ಮ ಅಜ್ಜಿಯಂದಿರು ಎಂಬತ್ತರ ವಯಸ್ಸಿನಲ್ಲಿಯೂ ತವರಿನ ಹೆಸರು ಹಿಡಿದು ಯಾರಾದರೂ ಕರೆದರೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಪದ್ಧತಿಯನ್ನು ಅನ್ಯಾಯವೆಂದು ನಾವೇ ಬಿಟ್ಟೆವು. ಬಿಟ್ಟು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ನಮ್ಮ ಮಕ್ಕಳು ರಾತ್ರಿ ಪಾಳಿಯಲ್ಲಿ ಸ್ಯಾಮ್, ಸೂಸನ್ ಎಂದು ಹೆಸರಿಟ್ಟುಕೊಂಡು ಫೋನೆತ್ತಿದಾಗ ಸುಮ್ಮನಿದ್ದೆವು. ಈಗ ಇಲ್ಲಿ ಮಲ್ಲಿಕಾರ್ಜುನನ ಅಕ್ಕಿಯ ಮೇಲೆ ನಾವೇ ಮ್ಯಾಲ್ ಎಂದು ಬರೆಯುತ್ತಿದ್ದೇವೆ.

ಇದರಲ್ಲಿ ನಗೆಪಾಟಲಿನ ಸಂಗತಿಯೆಂದರೆ ನಾವು ಇರುವುದು ಐರ್ಲೆಂಡಿನಲ್ಲಿ! ಹೆಸರಿನ ವಿಷಯದಲ್ಲಿ ಇವರಷ್ಟು ನೋವುಂಡು ಎಚ್ಚೆತ್ತ ಜನ ಯೂರೋಪಿನಲ್ಲಿ ಅಪರೂಪ. ಇಂಗ್ಲಿಷರ ಆಳ್ವಿಕೆಯಲ್ಲಿ ಓ ಮತ್ತು ಮ್ಯಾಕ್‌ಗಳನ್ನು ಕತ್ತರಿಸಿಕೊಂಡು ಹೆಸರು ಮೋಟು ಮಾಡಿಕೊಂಡವರು ಇವರು. ಡಗ್ಲಸ್ ಹೈಡ್ 1892ರಲ್ಲಿ ಡಬ್ಲಿನ್ನಿನಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ ತನ್ನ ಜನರನ್ನು ಇದಕ್ಕಾಗಿಯೇ ತರಾಟೆಗೆ ತೆಗೆದುಕೊಂಡರು. ಮರುವರ್ಷ ಗೇಲಿಕ್ ಲೀಗ್ ಹುಟ್ಟಿತು, 1938ರಲ್ಲಿ ಅದೇ ಹೈಡ್ ದೇಶದ ಮೊದಲ ಅಧ್ಯಕ್ಷರಾದರು. ನಾವು ಡಾರ್ಟ್ ರೈಲಿನಲ್ಲಿ ಹೋಗಿ ಇಳಿಯುವ ಡನ್ ಲೀರಿ 1821ರಿಂದ 1920ರವರೆಗೆ ಕಿಂಗ್ಸ್‌ಟೌನ್ ಆಗಿತ್ತು. ಅದರ ಹೆಸರನ್ನು ಓದಿದಂತೆ ಉಚ್ಚರಿಸಿದ ಹೊಸಬರನ್ನೆಲ್ಲ ಇವರು ನಗುತ್ತಾ ತಿದ್ದುತ್ತಾರೆ, ನಾವೂ ಕಲಿತೆವು. ಏಳು ಅಕ್ಷರ ಬರೆದು ಕ್ವೀವಾ ಎನ್ನುವ, ಐದು ಅಕ್ಷರ ಬರೆದು ಟೈಗ್ ಎನ್ನುವ ಜನಕ್ಕೆ, ಬರೆದಂತೆಯೇ ಓದಬಹುದಾದ ಮಲ್ಲಿಕಾರ್ಜುನ ಕಷ್ಟವೇ? ಎರಡು ಸಲ ನಿಧಾನವಾಗಿ ಹೇಳಿಕೊಟ್ಟರೆ ಮೂರನೆಯ ಸಲ ಸರಿಯಾಗಿ ಹೇಳುತ್ತಾರೆ. ನಮ್ಮ ಅನುಭವ ಇದು. ಹೇಳಿಕೊಡಲು ನಾಚಿದವರು ನಾವು.

"ಇದೆಲ್ಲ ಭಾವುಕತೆ, ಕೆಲಸಕ್ಕೇನು ಪ್ರಯೋಜನ?" ಎನ್ನುವ ಸದಸ್ಯರಿಗಾಗಿ ನಮ್ಮ ದೇಶದ್ದೇ ಒಂದು ಪ್ರಯೋಗ. ಬೆಂಗಳೂರಿನ ವಿಪ್ರೋ ಸಂಸ್ಥೆಯ ಬಿ.ಪಿ.ಓ. ವಿಭಾಗಕ್ಕೆ ಹೊಸದಾಗಿ ಸೇರಿದವರ ಮೇಲೆ ಡೇನಿಯಲ್ ಕೇಬಲ್ ಮತ್ತು ಅವರ ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ್ದು. ಕೆಲವು ತಂಡಗಳಿಗೆ ಮೊದಲ ದಿನ ಕಂಪನಿಯ ಹಿರಿಮೆಯನ್ನು ಹೇಳಿ ಕಂಪನಿಯ ಹೆಸರಿನ ಅಂಗಿ ಕೊಟ್ಟರು. ಇನ್ನು ಕೆಲವು ತಂಡಗಳಲ್ಲಿ ನಿನ್ನ ವಿಶೇಷವೇನು, ನೀನು ಯಾವಾಗ ಚೆನ್ನಾಗಿ ಕೆಲಸ ಮಾಡುತ್ತೀಯ ಎಂದು ಹೊಸಬರನ್ನೇ ಕೇಳಿ, ಅವರವರ ಸ್ವಂತ ಹೆಸರು ಹಾಕಿದ ಅಂಗಿ ಕೊಟ್ಟರು. ಮತ್ತೆ ಕೆಲವರಿಗೆ ಮಾಮೂಲು ತರಬೇತಿ. ಆರೇಳು ತಿಂಗಳಾದ ಮೇಲೆ ನೋಡಿದರೆ ಸ್ವಂತ ಹೆಸರಿನ ಅಂಗಿಯವರೇ ಹೆಚ್ಚಾಗಿ ಕೆಲಸದಲ್ಲಿ ಉಳಿದಿದ್ದರು, ಮಾಮೂಲು ತರಬೇತಿಯವರಿಗಿಂತ ಅವರ ಕೆಲಸದಿಂದ ಗಿರಾಕಿಗಳಿಗೂ ಹೆಚ್ಚು ತೃಪ್ತಿಯಿತ್ತು. ಒಂದು ಗಂಟೆಯ ಮಾತು ಮತ್ತು ಒಂದು ಅಂಗಿಯ ಖರ್ಚು!

ಹಾಗೆಂದು ಬದಲಾಗಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಹೆಸರು, ಊಟ, ಪೂಜೆಗಳನ್ನು ಬಿಡು ಎಂದು ಹೇಳಿಕೊಡುವ ನಾವು, ನಿಜವಾಗಿ ಬಿಡಬೇಕಾದ ಒಂದು ಗುಣವನ್ನು ಮಾತ್ರ ಮುದ್ದು ಮಾಡಿ ಇಟ್ಟುಕೊಂಡಿದ್ದೇವೆ. ಅದು ದೊಡ್ಡವರ ಮುಂದೆ ಬಾಯಿ ಮುಚ್ಚಿಕೊಳ್ಳುವ ಗುಣ. ಅರ್ಥವಾಗದಿದ್ದರೂ ತಲೆಯಾಡಿಸುವುದು. "ಆಯ್ತು ಸಾರ್" ಎಂದು ಬಂದು ಆಮೇಲೆ ಪರದಾಡುವುದು. ಇದನ್ನು ನಾವು ಮನೆಯಲ್ಲಿ ವಿನಯವೆಂದು ಕಲಿತೆವು. ಶಾಲೆಯಲ್ಲಿ ಇದಕ್ಕೆ ಬಹುಮಾನವೂ ಬಂತು.

ನಮ್ಮ ಸಂಘದ ಸಹೋದರಿಯೊಬ್ಬರ ಮಾತನ್ನು ಅವರ ಅನುಮತಿಯಿಂದಲೇ ಬರೆಯುತ್ತಿದ್ದೇವೆ. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಹತ್ತು ವರ್ಷ ಐ.ಸಿ.ಯು.ನಲ್ಲಿ ಕೆಲಸ ಮಾಡಿ ಬಂದವರು. ಹೊರದೇಶದ ನರ್ಸುಗಳಿಗೆ ಇಲ್ಲಿ ನೋಂದಣಿಗೆ ಮುಂಚೆ ಒಂದೋ ಆಸ್ಪತ್ರೆಯಲ್ಲಿ ಆರರಿಂದ ಹನ್ನೆರಡು ವಾರದ ಅಡಾಪ್ಟೇಷನ್, ಇಲ್ಲವೇ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಪರೀಕ್ಷೆ ಎಂಬುದು ನಿಮಗೆ ಗೊತ್ತು. ಇವರು ಅಡಾಪ್ಟೇಷನ್ನಿಗೆ ಹೋದಾಗ ಮೊದಲೇ ಬಂದಿದ್ದ ಅಕ್ಕಂದಿರು "ಜಾಸ್ತಿ ಪ್ರಶ್ನೆ ಕೇಳಬೇಡ, ಏನೂ ಗೊತ್ತಿಲ್ಲ ಅಂದ್ಕೋತಾರೆ" ಎಂದು ಕಿವಿಮಾತು ಹೇಳಿದ್ದರು. ಒಂದು ರಾತ್ರಿ ಫೋನಿನಲ್ಲಿ ಡಾಕ್ಟರು ಔಷಧಿಯ ಬಗ್ಗೆ ಏನೋ ಬದಲಾವಣೆ ಹೇಳಿದರು. ಅವರ ಕೆರಿ ಸೀಮೆಯ ಇಂಗ್ಲಿಷು ಇವರಿಗೆ ಅರ್ಧ ಹತ್ತಲಿಲ್ಲ. "ಎಸ್ ಡಾಕ್ಟರ್, ಎಸ್ ಡಾಕ್ಟರ್" ಎಂದು ಇಟ್ಟುಬಿಟ್ಟರು. ಪಕ್ಕದಲ್ಲಿದ್ದ ಐರಿಶ್ ನರ್ಸು ಇವರ ಮುಖ ನೋಡಿ ತಾನೇ ಮತ್ತೆ ಫೋನ್ ಮಾಡಿ ಕೇಳಿದಳು. ರೋಗಿಗೆ ಏನೂ ಆಗಲಿಲ್ಲ. "ಆ ಹುಡುಗಿ ಅಲ್ಲಿರದಿದ್ದರೆ?" ಎಂದು ಹೇಳುವಾಗ ಈಗಲೂ ಅವರ ಕೈ ನಡುಗುತ್ತದೆ.

ಇಲ್ಲಿನ ಆಸ್ಪತ್ರೆಗಳ ಪದ್ಧತಿ ಕೇಳುವುದರ ಮೇಲೆಯೇ ನಿಂತಿದೆ. 2013ರಲ್ಲಿ ಈ ದೇಶದ ಮೊದಲ ರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯಾಗಿ ಬಂದದ್ದು ರೋಗಿಯ ಉಸಿರಾಟ, ನಾಡಿ, ರಕ್ತದೊತ್ತಡಗಳಿಗೆ ಅಂಕ ಹಾಕುವ ಮುನ್ನೆಚ್ಚರಿಕೆಯ ಕ್ರಮ. ಅಂಕ ಇಷ್ಟು ದಾಟಿತೆಂದರೆ ನರ್ಸು ಡಾಕ್ಟರನ್ನು ಕರೆಯಲೇಬೇಕು. ಅಳುಕಿ ಕೂತರೆ ಅದೇ ತಪ್ಪು. ಫೋನಿನಲ್ಲಿ ನಾನು ಯಾರು, ಏನಾಗಿದೆ, ಹಿನ್ನೆಲೆಯೇನು, ನನಗೇನು ಅನ್ನಿಸುತ್ತದೆ, ನಿಮ್ಮಿಂದ ಏನು ಬೇಕು ಎಂದು ಕ್ರಮವಾಗಿ ಹೇಳುವ ಐಸ್‌ಬಾರ್ ಎಂಬ ರೀತಿಯಿದೆ. "ನನಗೇನು ಅನ್ನಿಸುತ್ತದೆ" ಎಂಬುದು ಅದರಲ್ಲಿ ಸೇರಿದೆ, ಗಮನಿಸಿ. ನಮ್ಮ ಹುಡುಗಿಯರಿಗೆ ಯಾರೂ ಹಿಂದೆ ಕೇಳದೇ ಇದ್ದ ಪ್ರಶ್ನೆ ಅದು. ಶಿಬಿರ ಮಾಡುವುದಾದರೆ ಒಂದು ಮಧ್ಯಾಹ್ನ ಪೂರ್ತಿ ಕನ್ನಡದವರೇ ಎದುರುಬದುರು ಕೂತು ಇದೊಂದನ್ನು ಅಭ್ಯಾಸ ಮಾಡಲಿ. ನಾವು ಚಹಾ ಮಾಡಿಕೊಡುತ್ತೇವೆ.

ಮೇಲೆ ಹೇಳಿದ ಶೈನ್ ಮಹಾಶಯರು 1985ರ ತಮ್ಮ ಪುಸ್ತಕದಲ್ಲಿ ಸಂಸ್ಥೆಯ ಸಂಸ್ಕೃತಿಗೆ ಮೂರು ಪದರ ಎಂದರು. ಕಣ್ಣಿಗೆ ಕಾಣುವುದು, ಬಾಯಲ್ಲಿ ಹೇಳಿಕೊಳ್ಳುವುದು, ಯಾರೂ ಹೇಳದೆ ಎಲ್ಲರೂ ನಂಬಿರುವುದು. ನಮ್ಮ ಉಪದೇಶವೆಲ್ಲ ಮೊದಲ ಪದರದ್ದು. ಡಬ್ಬಿಯಲ್ಲಿ ಏನು, ಕೈಯಲ್ಲಿ ಯಾವ ಗ್ಲಾಸು. ದಾವಣಗೆರೆಯ ಹುಡುಗ ಎಡವಿದ್ದು ಮೂರನೆಯದರಲ್ಲಿ. ಅವನ ಮೇಲಿನವರು "ಯೂ ಮೈಟ್ ಹ್ಯಾವ್ ಎ ಲುಕ್ ಅಟ್ ದಟ್" ಎಂದಿದ್ದರಂತೆ. ಬಿಡುವಾದಾಗ ನೋಡಿದರಾಯಿತು ಎಂದು ಇವನು ತಿಳಿದ. ಐರ್ಲೆಂಡಿನಲ್ಲಿ ಅದು ಅಪ್ಪಣೆ! ಇಲ್ಲಿನವರು ಬೇಕೆಂದರೆ ಬೇಕು ಎನ್ನುವುದಿಲ್ಲ, ಬೇಡವೆಂದರೆ ಬೇಡ ಎನ್ನುವುದಿಲ್ಲ. "ಗ್ರ್ಯಾಂಡ್" ಎಂದರೆ ಅಮೋಘ ಎಂದೂ ಅಲ್ಲ, ಸರಿ, ಆಯಿತು ಎಂದಷ್ಟೆ. ನಮ್ಮನ್ನು ಗೇಲಿ ಮಾಡಿದರೆ ಬಹುಪಾಲು ನಮ್ಮನ್ನು ಒಳಗೆ ಸೇರಿಸಿಕೊಂಡರು ಎಂದು ಅರ್ಥ. ಚಹಾ ಬೇಕೇ ಎಂದಾಗ ಮೊದಲ ಸಲ ಬೇಡ ಎನ್ನುವುದು, ಮತ್ತೆ ಒತ್ತಾಯಿಸುವುದು, ಮೂರನೆಯ ಸಲಕ್ಕೆ ಒಪ್ಪುವುದು ನಮ್ಮ ಮಲೆನಾಡಿನ ಉಪಚಾರವೇ ಸರಿ. ಇದನ್ನು ಕಲಿಯಲು ನಮಗೆ ಶಿಬಿರವೇ ಬೇಡ. ತಾನು ಚಹಾ ಮಾಡಲು ಎದ್ದರೆ ಸುತ್ತಲಿನವರಿಗೂ ಕೇಳಬೇಕು. ಪಬ್ಬಿನಲ್ಲಿ ಬರೀ ಕಿತ್ತಳೆ ರಸ ಕುಡಿದರೂ ಯಾರೂ ಏನೂ ಅನ್ನುವುದಿಲ್ಲ, ಆದರೆ ನಿಮ್ಮ ಸರದಿ ಬಂದಾಗ ಎಲ್ಲರಿಗೂ ಕೊಡಿಸದೆ ಎದ್ದು ಹೋದರೆ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಕುಡಿಯಲೇಬೇಕೆಂದು ಹುಡುಗರಿಗೆ ಹೇಳಿದ ನಮ್ಮ ಹಿರಿಯರು, ಈ ಸರದಿಯ ವಿಷಯವನ್ನು ಯಾರಿಗೂ ಹೇಳಿದ್ದಿಲ್ಲ!

ಇನ್ನು ಕಾಯಿದೆ. ಪರ್ಮಿಟ್ಟಿನವರು ಬಾಯಿ ಮುಚ್ಚಿಕೊಂಡಿರಬೇಕೆಂಬುದು ನಮ್ಮಲ್ಲಿ ವೇದವಾಕ್ಯವಾಗಿಬಿಟ್ಟಿದೆ. ಕೆಲಸಕ್ಕೆ ಸೇರಿದ 5 ದಿನಗಳೊಳಗೆ ಮುಖ್ಯ ಷರತ್ತುಗಳನ್ನು, ಒಂದು ತಿಂಗಳೊಳಗೆ ಉಳಿದವನ್ನು ಬರೆದು ಕೊಡಬೇಕು. 2022ರ ಡಿಸೆಂಬರಿನಿಂದ ಪ್ರೊಬೇಷನ್ ಸಾಮಾನ್ಯವಾಗಿ 6 ತಿಂಗಳು ಮೀರುವಂತಿಲ್ಲ. 1977ರ ಅನ್ಯಾಯದ ವಜಾ ಕಾಯಿದೆಯ ರಕ್ಷಣೆಗೆ ಸಾಮಾನ್ಯವಾಗಿ ಒಂದು ವರ್ಷದ ಸೇವೆ ಬೇಕು, ನಿಜ. ಆದರೆ ಯೂನಿಯನ್ ಸೇರಿದ್ದಕ್ಕಾಗಿ ತೆಗೆದರೆ ಆ ವರ್ಷದ ಲೆಕ್ಕ ಬರುವುದಿಲ್ಲ. ಬಣ್ಣ, ರಾಷ್ಟ್ರ, ಧರ್ಮದ ಕಾರಣಕ್ಕೆ ಭೇದ ಮಾಡುವುದನ್ನು ತಡೆಯುವ 1998ರ ಸಮಾನತೆಯ ಕಾಯಿದೆ ಮೊದಲ ದಿನದಿಂದಲೇ ಅನ್ವಯಿಸುತ್ತದೆ. ದೂರು ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್ನಿಗೆ, ಸಾಮಾನ್ಯವಾಗಿ 6 ತಿಂಗಳೊಳಗೆ. 2024ರ ಸೆಪ್ಟೆಂಬರಿನಿಂದ, ಮೊದಲ ಪರ್ಮಿಟ್ಟಿನ ಮೇಲೆ 9 ತಿಂಗಳು ದುಡಿದವರು ಬೇರೆ ಕಡೆಗೆ ಹೋಗಲು ಅವಕಾಶವಿದೆ, ಮೊದಲು 12 ಇತ್ತು. ಇವಿಷ್ಟನ್ನು ಒಂದು ಹಾಳೆಯ ಮೇಲೆ ಬರೆದು ಝೆರಾಕ್ಸ್ ಮಾಡಿಸಿ ಕೊಡಲು ನಮ್ಮ ಸಂಘಕ್ಕೆ ಇಷ್ಟು ವರ್ಷ ಬೇಕಾಯಿತೇ? ಯೂನಿಯನ್ ಬೇಡವೆನ್ನುವವರ ಮನೆಯಲ್ಲಿಯೇ ನರ್ಸುಗಳು ಐ.ಎನ್.ಎಂ.ಓ. ಸದಸ್ಯತ್ವದ ಕಾರ್ಡು ಇಟ್ಟುಕೊಂಡಿದ್ದಾರೆ. 1919ರಲ್ಲಿ ಇದೇ ದೇಶದ ನರ್ಸುಗಳು ಕಟ್ಟಿದ ಸಂಘದ ಮುಂದುವರಿಕೆ ಅದು.

"ನಾವು ಬಂದಾಗ ಯಾರೂ ಹೇಳಿಕೊಡಲಿಲ್ಲ, ಬಗ್ಗಿ ಬಾಳಿದೆವು, ಮನೆ ಕಟ್ಟಿದೆವು" ಎಂದು ಒಬ್ಬ ಹಿರಿಯರು ಕಳೆದ ಸಭೆಯಲ್ಲಿ ಹೇಳಿದರು. ಅವರ ಕಷ್ಟದ ಬಗ್ಗೆ ನಮಗೆ ಗೌರವವಿದೆ. ಚಳಿಯಲ್ಲಿ ಬಸ್ಸು ಕಾದು, ಕೊತ್ತಂಬರಿ ಸೊಪ್ಪಿಗಾಗಿ ಊರೆಲ್ಲ ಅಲೆದ ಆ ಕಾಲ ನಮ್ಮಲ್ಲಿ ಕೆಲವರದೂ ಹೌದು. ಬಗ್ಗಿದ್ದರಿಂದಲೇ ಉಳಿದೆವೋ, ಬಗ್ಗಿದರೂ ಉಳಿದೆವೋ ಎಂದು ಮಾತ್ರ ನಾವು ಯಾವತ್ತೂ ಕೇಳಿಕೊಂಡಿಲ್ಲ. ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಕೂತು, ತಾವೇ ಕೆಲಸ ಕಲಿಸಿದ ಹುಡುಗರು ತಮ್ಮ ಮೇಲೆ ಹೋಗುವುದನ್ನು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅವರು ಅದನ್ನು ಸಂಘದ ಊಟದಲ್ಲಿ ಹೇಳುವುದಿಲ್ಲ, ಕಾರಿನಲ್ಲಿ ಮನೆಗೆ ಬಿಡುವಾಗ ಹೇಳುತ್ತಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆಯ ಕಾಲ ಬಂದಾಗ ಹಳೆಯ ಲೆಕ್ಕವನ್ನು ಹೊಸ ಸೊಸೆಯ ಮೇಲೆ ತೀರಿಸುವ ಮನೆಗಳನ್ನು ನಾವು ಊರಿನಲ್ಲಿ ಸಾಕಷ್ಟು ಕಂಡಿದ್ದೇವೆ.

ಆದ್ದರಿಂದ ಸಮಿತಿಗೆ ನಮ್ಮ ಬೇಡಿಕೆ. ವೇದಿಕೆ, ಹಾರ, ಭಾಷಣಗಳ ಶಿಬಿರ ಬೇಡ. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಅದೇ ಕ್ಷೇತ್ರದಲ್ಲಿ ಕೆಲಸ ಮಾಡುವ, ಆದರೆ ಬೇರೆ ಕಂಪನಿಯ ಅಥವಾ ಬೇರೆ ಆಸ್ಪತ್ರೆಯ ಒಬ್ಬ ಸದಸ್ಯರು ಮೊದಲ ಆರು ತಿಂಗಳು ಜೊತೆಯಾಗಲಿ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಲಿ. ಮೊದಲು ಕೇಳಲಿ, ಆಮೇಲೆ ಹೇಳಲಿ. ಎರಡು ವರ್ಷದ ಹಿಂದೆ ಬಂದವರೇ ಇದಕ್ಕೆ ನಮಗಿಂತ ಮೇಲು. ಅವರಿಗೆ ಮೆಟ್ಟಿಲು ಜಾರಿದ್ದು ಇನ್ನೂ ನೆನಪಿದೆ. ಜಾತಿ, ಕಡೆ, ಊರು ವಿಚಾರಿಸಿ ಜೋಡಿ ಮಾಡುವುದು ಬೇಡ.

ದಾವಣಗೆರೆಗೆ ನಾವೊಂದು ಕಾಗದ ಬರೆದೆವು. ತಪ್ಪು ಹೇಳಿಕೊಟ್ಟೆವು, ಕ್ಷಮಿಸು ಎಂದು. ನಾಲ್ಕು ದಿನದ ಹಿಂದೆ ಫೋನ್ ಬಂತು. "ಪರವಾಗಿಲ್ಲ ಸಾರ್, ನೀವು ಒಳ್ಳೇದಕ್ಕೇ ಹೇಳಿದ್ರಿ" ಎಂದ. ಈಗಲೂ ನಮ್ಮ ಮಾತಿಗೆ ಅವನು ಎದುರಾಡಲಿಲ್ಲ.

ಜೊತೆಯಾಗಲು ಇಚ್ಛಿಸುವವರು ಮುಂದಿನ ತಿಂಗಳ ಸಭೆಯೊಳಗೆ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬೇಕಾಗಿ ವಿನಂತಿ. ಪೂರ್ತಿ ಹೆಸರು.

— ಸಂಪಾದಕ ಬಳಗ